ಸಿದ್ದಕ್ಕನ ಟಗರು, ಮರೆಯದ ಯಂತ್ರ

ಬೆಳಿಗ್ಗೆ ಹನ್ನೊಂದಕ್ಕೆ ಸಾವಳಗಿಯ ಕುರಿಗಾರರ ಸಂಘದ ಕಂಪ್ಯೂಟರಿನಿಂದ ಸಿದ್ದಕ್ಕನ ಹೆಸರು ಮಾಯವಾಗಿತ್ತು. ಅವಳು ನೋಂದಣಿಗೆ ತಂದ ಟಗರು ಸಂಘದ ಹಿತ್ತಲಲ್ಲೇ ಇತ್ತು. ಕಿವಿಯಲ್ಲಿ ಸಂಘದ ಬಿಲ್ಲೆಯೂ ಇತ್ತು.

"ಹೆಸರಿಲ್ಲದ ಕುರಿ ಸಂಘದ್ದು. ಕಾಯ್ದೆ ಐತಿ," ಎಂದ ಅಧ್ಯಕ್ಷ ಬಸಗೊಂಡಪ್ಪ. ಆ ಟಗರನ್ನು ಕೊಡೆಂದು ಕೇಳಿ, ಇಲ್ಲವೆನ್ನಿಸಿಕೊಂಡಿದ್ದವನು.

ಸಿದ್ದಕ್ಕ ಕೊಂಬು ಹಿಡಿದು ಕೂತಿದ್ದಳು. "ಮರಿ ಇದ್ದಾಗ ನನ್ನ ಕಂಬಳ್ಯಾಗ ಮಲಗಿತ್ತು. ಅವಾಗ ನಿನ್ನ ಕಾಯ್ದೆ ಎಲ್ಲಿ ಮಲಗಿತ್ತೋ? ಬೇಕಾದ್ರ ನನ್ನ ಎಳಕೊಂಡು ಹೋಗ್ರಿ, ಕೊಂಬ ಬಿಡಾಂಗಿಲ್ಲ!"

ಜಗಳದ ಸುದ್ದಿ ಕೇಳಿ ಬಂದಿದ್ದ ಪಿಎಸ್‌ಐ ಯಶೋಧರಾ ಸಂಘದ ಗುಮಾಸ್ತ ನೀಲಕಂಠನತ್ತ ತಿರುಗಿದಳು. "ಏನಾತು?"

"ಹೆಸರು ಹಾಕಿ ಚಾ ಕುಡ್ಯಾಕ ಹೋದೆ ರೀ ಮೇಡಂ. ಬಂದು ನೋಡಿದ್ರ ಕರೆಂಟ್ ಇಲ್ಲ. ಕರೆಂಟ್ ಬಂದ ಮ್ಯಾಲ ಹೆಸರ ಇಲ್ಲ."

"ಕರೆಂಟ್ ಹೋತು, ಬರದದ್ದೂ ಹೋತು," ಬಸಗೊಂಡಪ್ಪ ನಕ್ಕ. "ನಾ ಅಂತೂ ಟಗರಿನ ಸನ್ಯಾಕೂ ಹೋಗಿಲ್ಲ."

ಯಂತ್ರ ಕೂಡಿಸಿದ ಮಹಾಲಿಂಗ ತಲೆಯಾಡಿಸಿದ. "ಹಳೇ ಯಂತ್ರ ಆಗಿದ್ರ ಖರೆ. ಇದರ ಮೆಮರಿ ನಾನ್-ವೊಲಟೈಲ್ ರೀ—ಕರೆಂಟ್ ಹೋದ್ರೂ ಮರಿಯಾಂಗಿಲ್ಲ. ಮೊದಲ ಹೆಸರು ಬರೀತೈತಿ. ಪೂರಾ ಆದ ಮ್ಯಾಲ ಒಂದು ಗುರುತು ಹಾಕಿ ಕೂಗತೈತಿ. ಗುರುತು ಬೀಳೂಕಿಂತ ಮೊದಲ ಕರೆಂಟ್ ಹೋದ್ರ ಮಾತ್ರ ಆ ಹೆಸರು ಲೆಕ್ಕಕ್ಕಿಲ್ಲ."

"ಕೂಗಿತ್ತೇನು?"

"ಗದ್ಲದಾಗ ಲಕ್ಷ್ಯ ಇಲ್ರಿ," ಎಂದ ನೀಲಕಂಠ.

ಯಶೋಧರಾ ಟಗರಿನ ಹಣೆ ನೋಡಿದಳು. ಕುರುಬರ ದೇವರು ಬೀರಪ್ಪನ ಹಳದಿ ಭಂಡಾರ, ಆ ಅರಿಶಿನದ ಮೇಲೆ ಯಾರದೋ ಅಂಗೈ ಸವರಿದ ಗೀರು.

"ಅಕ್ಕಾರ, ಇದನ್ನ ಯಾವಾಗ ಹಚ್ಚಿದ್ರಿ?"

"ಯಂತ್ರ ಕೂಗಿದ ಮ್ಯಾಲ, ಹಿತ್ತಲದಾಗ. ಕೂಗೂಕಿಂತ ಮೊದಲ ಯಾರ ಹಚ್ಚತಾರವ್ವಾ? ಬೀರಪ್ಪ ಮೆಚ್ಚತಾನೇನು? ಹಚ್ಚಿ, ಮೇವು ತರಾಕ ಹೋದೆ."

"ನೀಲಕಂಠ, ಚಾ ಅಂಗಡ್ಯಾಗ ಫ್ಯಾನ್ ತಿರಗತಿತ್ತೇನು?"

"ತಿರಗತಿತ್ರಿ... ಅಂದ್ರ ಕರೆಂಟ್ ಹೋಗಿದ್ದು ಇಲ್ಲಿ ಅಷ್ಟ!"

ಯಶೋಧರಾ ಮೇನ್ ಸ್ವಿಚ್ಚಿನ ಹತ್ತಿರ ಹೋದಳು. ಹಿಡಿಕೆಯ ಮೇಲೆ ಹಳದಿ.

"ಯಂತ್ರ ಕೂಗಿತ್ತು; ಅಂದ್ರ ಗುರುತು ಬಿದ್ದಿತ್ತು. ಅದನ್ನ ಅಳಿಸಿದ್ದು ಕರೆಂಟ್ ಅಲ್ಲ, ಕೈ. ಅಳಿಸಿ, ನೆಪಕ್ಕ ಸ್ವಿಚ್ ಇಳಿಸ್ಯಾರ. ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಅಧ್ಯಕ್ಷರಿಗೆ, ನೀಲಕಂಠಗ," ಎಂದ ಮಹಾಲಿಂಗ.

"ಕೈ ತೋರಸ್ರಿ."

ನೀಲಕಂಠನ ಬೆರಳಲ್ಲಿ ಬರೀ ಮಸಿ. ಭಂಡಾರ ಹಚ್ಚುವ ಮೊದಲೇ ಅವನು ಟಗರಿಗೆ ಬಿಲ್ಲೆ ಹಾಕಿ ಹಿತ್ತಲಿಂದ ಬಂದಿದ್ದ. ಬಸಗೊಂಡಪ್ಪ ಕೈ ತೊಳೆದಿದ್ದ. ಅರಿಶಿನ ಉಗುರಿನ ಸಂದಿಯಲ್ಲಿ ಉಳಿದಿತ್ತು.

"ಸನ್ಯಾಕೂ ಹೋಗಿಲ್ಲ ಅಂದ್ರಲ್ಲ, ಅಧ್ಯಕ್ಷರ?"

ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ.

ಅಳಿಸಿದ್ದು ಗುರುತು ಮಾತ್ರ. ಸಿದ್ದಕ್ಕನ ಹೆಸರು ಮೆಮರಿಯಲ್ಲಿ ಇದ್ದಲ್ಲೇ ಇತ್ತು. ಮಹಾಲಿಂಗ ಗುರುತು ಮತ್ತೆ ಹಾಕಿದ. ಯಂತ್ರ ಕೂಗಿತು. ಆಗ ಸಿದ್ದಕ್ಕ ಕೊಂಬು ಬಿಟ್ಟು ಭಂಡಾರದ ಚೀಲ ಬಿಚ್ಚಿದಳು.

ಬಸಗೊಂಡಪ್ಪ ಜೀಪಿನಲ್ಲಿ ಠಾಣೆಗೆ ಹೋದ. ಟಗರು ಸಿದ್ದಕ್ಕನ ಹಿಂದೆ ನಡೆದು ಮನೆಗೆ ಹೋಯಿತು.