ಏಳು ಹರಿದ ತೋಳುಗಳು

ಕ್ಲೈಡ್ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ನಮ್ಮ ಮುಖ ನೋಡುವುದಿಲ್ಲ, ಹತ್ತಿರದ ಯಾವುದಾದರೂ ವಸ್ತುವನ್ನು ನೋಡುತ್ತಾರೆ. ಅವನು ನನ್ನ ಹೊಲಿಗೆ ಯಂತ್ರದ ಚಕ್ರ ನೋಡುತ್ತಿದ್ದ.

“ಶನಿವಾರ ಮೊದಲ್ನೇ ಚೆಂಡು ರೂಡಿ ಕೈಗೆ, ಇರ್ಮಾ. ಎಡಗಡೆಯಿಂದ ಓಡ್ತಾನೆ. ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ?”

“ಅಲ್ಲ... ಸುಮ್ನೆ ಅಂದೆ.”

ಅವನ ಕಿವಿಗಳು ಕೆಂಪಾಗಿದ್ದವು. ತೋಳು ಹರಿದ ಜೆರ್ಸಿಯನ್ನು ಮೇಜಿನ ಮೇಲೆ ಇಟ್ಟು ಹೊರಟೇ ಹೋದ.

ಅದು 1951ರ ನವೆಂಬರಿನ ಒಂದು ಮಂಗಳವಾರ. ಓಹಾಯೋದ ಥಾರ್ನ್‌ಡೇಲ್ ಕಾಲೇಜಿನ ಫುಟ್‌ಬಾಲ್ ತಂಡದ ಬಟ್ಟೆ ಹೊಲಿಯುವ ಕೆಲಸ ನನ್ನದು. ಕ್ಲೈಡ್, ರೂಡಿ ಇಬ್ಬರೂ ಆ ತಂಡದ ಆಟಗಾರರು. ನಮ್ಮ ಫುಟ್‌ಬಾಲ್ ಎಂದರೆ ಚೆಂಡನ್ನು ಎದೆಗವಚಿಕೊಂಡು ಓಡುವುದು, ಓಡುವವನನ್ನು ಹಿಡಿದು ಕೆಡವುವುದು. ಬಟ್ಟೆ ಹರಿಯದ ದಿನವಿರಲಿಲ್ಲ. ಯಾರ ಭುಜ ಊದಿದೆ, ಯಾರು ಸೊರಗಿದ್ದಾರೆ ಎಂಬುದು ಡಾಕ್ಟರಿಗಿಂತ ಮೊದಲು ನನ್ನ ಸೂಜಿಗೆ ತಿಳಿಯುತ್ತಿತ್ತು.

ರೂಡಿಯ ವಿಷಯವೂ ಹಾಗೆಯೇ. ಅವನ ಎಡ ಪಾದಕ್ಕೆ ದಪ್ಪ ಬ್ಯಾಂಡೇಜು ಬಂದು, ಶೂ ಹಿಡಿಸದೆ, ಹಿಂದಿನ ದಿನ ತಾನೇ ನಾನು ಅದರ ಬಾಯಿ ಕತ್ತರಿಸಿ ಅಗಲ ಮಾಡಿದ್ದೆ. ಕುಂಟುವ ಹುಡುಗನ ಕೈಗೆ ಮೊದಲ ಚೆಂಡು ಯಾರು ಕೊಡುತ್ತಾರೆ?

ಹಾಗಾದರೆ ಈ ಸುಳ್ಳು ಯಾಕೆ? ಅದಕ್ಕೂ ಹೆಚ್ಚು ಹೊತ್ತು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಹಿಂದಿನ ಎರಡು ಪಂದ್ಯಗಳಲ್ಲಿ ನಮ್ಮವರ ಮೊದಲ ಹೂಟ ಎದುರಾಳಿಗಳಿಗೆ ಮೊದಲೇ ಗೊತ್ತಿತ್ತು. ಈ ಶನಿವಾರ ಆಡಬೇಕಾದದ್ದು ಕ್ರೆಸ್‌ವೆಲ್ ಕಾಲೇಜಿನ ಮೇಲೆ. ಆ ತಂಡದಲ್ಲಿ ನನ್ನ ತಮ್ಮ ಯಾಂಕೊ ಇದ್ದ. ನಮ್ಮ ಕೋಚ್ ಬ್ರಾಂಟ್ ನನ್ನನ್ನು ನೋಡುವ ನೋಟ ಆಗಲೇ ಬದಲಾಗಿತ್ತು. ನನ್ನ ಕಿವಿಗೆ ಸುಳ್ಳೊಂದು ಹಾಕಿ, ಅದು ಯಾಂಕೊನ ಬಾಯಲ್ಲಿ ಬರುತ್ತದೋ ನೋಡುವ ಉಪಾಯ. ಗಾಳವಾಗಿ ಕ್ಲೈಡ್ ಆಮ್‌ಸ್ಟಟ್ಸ್.

ಅದರಿಂದ ನನಗೆ ನೋವಾಗಲಿಲ್ಲ ಎಂದರೆ ಈಗ ನಾನು ಸುಳ್ಳು ಹೇಳಿದಂತೆ.

ಯಾಕೆಂದರೆ ಸೆಪ್ಟೆಂಬರಿನಿಂದ ಅವನು ಹರಿದ ತೋಳು ಹಿಡಿದು ಬರುತ್ತಿದ್ದ. ಆರು ಸಲ. ಆರೂ ಹರಿದದ್ದಲ್ಲ, ಬ್ಲೇಡಿನಲ್ಲಿ ಕೊಯ್ದದ್ದು. ಎಳೆದು ಹರಿದ ಬಟ್ಟೆಯ ಅಂಚಿನಲ್ಲಿ ನೂಲು ಎದ್ದಿರುತ್ತದೆ, ಇವು ನೀಟಾಗಿದ್ದವು. ನಾನು ಬಾಯಿ ಬಿಡದೆ ಹೊಲಿದುಕೊಟ್ಟೆ. ಹೊಲಿಯುವ ಹೊತ್ತೆಲ್ಲ ಅವನು ಬಾಗಿಲಿಗೆ ಒರಗಿ ನಿಂತು ತಮ್ಮ ಮನೆಯ ಹಸುಗಳ ಕಥೆ ಹೇಳುತ್ತಿದ್ದ. ನಾನು ತಲೆ ಎತ್ತಿದರೆ ಅವನು ಛಾವಣಿ ನೋಡುತ್ತಿದ್ದ, ತಗ್ಗಿಸಿದರೆ ನನ್ನ ಕತ್ತಿನ ಮೇಲೆ ಅವನ ನೋಟ ಬಿಸಿಲಿನಂತೆ ಬೀಳುತ್ತಿತ್ತು. ನನಗೋಸ್ಕರ ತೋಳು ಕೊಯ್ದುಕೊಳ್ಳುತ್ತಾನೆ ಎಂದುಕೊಂಡು ಒಳಗೊಳಗೇ ನಕ್ಕಿದ್ದೆ.

ಈಗ ಲೆಕ್ಕ ತಪ್ಪಿತು. ಅವನನ್ನು ಸೆಪ್ಟೆಂಬರಿನಿಂದಲೇ ಕಳಿಸುತ್ತಿದ್ದರೋ?

ಜಗಳಕ್ಕೆ ಹೋಗಲಿಲ್ಲ. ಶನಿವಾರ ಮಧ್ಯಾಹ್ನದವರೆಗೆ ಟೈಮ್ ಕೊಡೋಣ ಎಂದುಕೊಂಡೆ. ಅಷ್ಟರಲ್ಲಿ ತಾನಾಗಿ ಬಂದು ಹೇಳಿದರೆ ಸರಿ. ಇಲ್ಲದಿದ್ದರೆ ಅವನ ಹಸುಗಳೂ ಬೇಡ, ಅವನೂ ಬೇಡ.

ಬುಧವಾರ ಬರಲಿಲ್ಲ. ಗುರುವಾರ ಕಿಟಕಿಯಾಚೆ ಎರಡು ಸಲ ಹಾದುಹೋದ. ಎರಡನೆಯ ಸಲ ನಾನೇ ಕೂಗಿದೆ.

“ಏನಾದ್ರೂ ಹರಿದಿದ್ಯಾ?”

“ಇ... ಇಲ್ಲ!” ಎಂದು ಓಡಿದ.

ಶುಕ್ರವಾರ ಮಧ್ಯಾಹ್ನ ಬಂದ. ಕೈಯಲ್ಲಿ ಜೆರ್ಸಿ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ.

“ಮಂಗಳವಾರ ನಾನು ಹೇಳಿದ್ದು ಸುಳ್ಳು, ಇರ್ಮಾ. ಕೋಚ್ ಹೇಳಿಸಿದ್ದು. ನೀನು ನಿನ್ ತಮ್ಮನಿಗೆ ಹೇಳ್ತೀಯಾ ಅಂತ ನೋಡೋಕೆ.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ನೀನು ಬಾಯಿ ತೆಗೆದಾಗಿಂದ. ರೂಡಿ ಶೂ ಕತ್ತರಿಸಿದ್ದು ಯಾರು ಅನ್ಕೊಂಡಿದ್ದೀಯ, ಕೋಚ್ ಹೆಂಡ್ತಿನಾ?”

ಅವನು ಬಟ್ಟೆಯ ಗಂಟಿನ ಮೇಲೆ ಧೊಪ್ಪನೆ ಕುಳಿತ. “ಮತ್ತೆ ಯಾಕೆ ಸುಮ್ನಿದ್ದೆ?”

“ನೀನು ನನ್ನ ಪರೀಕ್ಷೆ ಮಾಡ್ತಿದ್ದೆ. ನಾನು ನಿನ್ನ ಮಾಡ್ತಿದ್ದೆ. ಹೊರಗೆ ಗುಟ್ಟು ಬಿಡ್ತಿರೋದು ಯಾರು, ಹೇಳ್ಲಾ? ಪ್ರತಿ ಗುರುವಾರ ನಿಮ್ಮ ಕೋಚ್ ಕ್ಷೌರದ ಕುರ್ಚಿಲಿ ಕೂತು ತಾವೇ ಕೊಚ್ಕೊಳ್ತಾರೆ. ಸಂಜೆ ಒಳಗೆ ನಮ್ಮಮ್ಮ ಅದನ್ನ ಮಾಂಸದ ಅಂಗಡೀಲಿ ಕೇಳ್ಕೊಂಡು ಬರ್ತಾಳೆ.”

ಅವನು ನಗಲಿಲ್ಲ. ನಾನೂ ನಗಲಿಲ್ಲ. ಕೇಳಬೇಕಾದದ್ದು ಇನ್ನೂ ಉಳಿದಿತ್ತು.

“ಸೆಪ್ಟೆಂಬರಿಂದ ಬಂದಿದ್ದೂ ಅವರ ಮಾತಿಗಾ?”

ಅವನು ಮೊದಲ ಸಲ ನೇರವಾಗಿ ನನ್ನ ಕಣ್ಣು ನೋಡಿದ. “ಮಂಗಳವಾರದ ತೋಳನ್ನ ಕೋಚೇ ಕೈಯಾರೆ ಹರಿದು ಕಳಿಸಿದ್ರು. ಅದಕ್ಕೆ ಮುಂಚಿನ ಆರು ನನ್ನವು. ನನ್ನ ಶೇವಿಂಗ್ ಬ್ಲೇಡು.”

ಮಂಗಳವಾರದ ಜೆರ್ಸಿ ಇನ್ನೂ ಮೇಜಿನ ಮೂಲೆಯಲ್ಲಿತ್ತು. ತಿರುಗಿಸಿ ನೋಡಿದೆ. ತೋಳಿನ ಅಂಚಿನ ಉದ್ದಕ್ಕೂ ನೂಲು ಎದ್ದು ನಿಂತಿತ್ತು. ಮೂರು ದಿನ ಕೋಪದಲ್ಲಿ ಅದನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟಿದ್ದರೆ ಆಗಲೇ ತಿಳಿಯುತ್ತಿತ್ತು.

“ಈಗ ಕೋಚ್‌ಗೆ ಏನ್ ಹೇಳ್ತೀಯ?”

“ನಿನಗೆ ನಿಜ ಹೇಳ್ತೀನಿ ಅಂತ ಹೇಳಿ ಆಯ್ತು. ಅಲ್ಲಿಂದಲೇ ಬಂದೆ. ನಾಳೆ ನನ್ನನ್ನ ಆಡಿಸೋದಿಲ್ವಂತೆ.”

ಅದು ಕಾಲೇಜಿನಲ್ಲಿ ಅವನ ಕೊನೆಯ ಪಂದ್ಯವಾಗಬೇಕಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಅಪ್ಪ ಅಮ್ಮ ಹಸುಗಳನ್ನು ನೆರೆಯವರಿಗೆ ಒಪ್ಪಿಸಿ ನೋಡಲು ಬರುವವರಿದ್ದರು. ಅವನ ಕೋಟಿನ ಗುಂಡಿಯೊಂದು ಸಡಿಲಾಗಿತ್ತು. ಕೋಟು ಬಿಚ್ಚಿಸದೆ, ಅವನು ಕುಳಿತಿದ್ದಂತೆಯೇ ಹೊಲಿದುಕೊಟ್ಟೆ. ಅಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ಹೊತ್ತು ನಾನು ಎಂದೂ ಹಿಡಿದವಳಲ್ಲ. ನೂಲನ್ನು ಹಲ್ಲಿನಿಂದ ಕಡಿಯುವಾಗ ಅವನು ಉಸಿರಾಡುತ್ತಿರಲಿಲ್ಲ.

ಶನಿವಾರ ಥಾರ್ನ್‌ಡೇಲ್ ಅವನಿಲ್ಲದೆಯೇ ಹದಿಮೂರು–ಏಳರಿಂದ ಗೆದ್ದಿತು. ಗೆದ್ದಾಗಿನ ವಾಡಿಕೆಯಂತೆ ಹುಡುಗರೆಲ್ಲ ಮೈದಾನಕ್ಕೆ ನುಗ್ಗಿ ಗೋಲಿನ ಮರದ ಕಂಬಗಳನ್ನು ಕಿತ್ತು ಹೊತ್ತುಕೊಂಡು ಊರ ಕಡೆ ಓಡಿದರು. ಆಟಗಾರರ ಬೆಂಚಿನ ಮೇಲೆ ಕ್ಲೈಡ್ ಒಬ್ಬನೇ, ಇಸ್ತ್ರಿ ಮುರಿಯದ ಬಟ್ಟೆಯಲ್ಲಿ ಕುಳಿತಿದ್ದ. ನಾನು ಮೆಟ್ಟಿಲಿಳಿದು ಎಲ್ಲರೂ ನೋಡುವಂತೆ ಅವನ ಪಕ್ಕ ಕುಳಿತೆ.

“ನಿನ್ ಬಟ್ಟೆ ಹೊಲಿಯೋ ಕೆಲಸ ತಪ್ಪಿತು,” ಎಂದೆ.

“ಯಾಕೆ ಆಡ್ಲಿಲ್ಲ ಅಂತ ಅಪ್ಪ ಕೇಳ್ತಾರೆ. ಏನ್ ಹೇಳ್ಲಿ?”

“ನಿಜ ಹೇಳು. ನಿನಗೆ ಬೇರೇದು ಬರಲ್ಲ.”

ಆಗ ನಕ್ಕ. ಬೆಂಚಿನ ಮೇಲಿದ್ದ ನನ್ನ ಕೈಯ ಮೇಲೆ ಕೈ ಇಟ್ಟ, ಯಾವ ನೆಪವೂ ಇಲ್ಲದೆ.

“ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಊಟಕ್ಕೆ ಬಾ,” ಎಂದೆ. “ಅಮ್ಮ ಎಲೆಕೋಸಿನ ಸುರುಳಿ ಮಾಡಿದ್ದಾಳೆ. ಯಾಂಕೊನೂ ಇರ್ತಾನೆ, ಸೋತು ಉರೀತಿದ್ದಾನೆ. ಥಾರ್ನ್‌ಡೇಲ್ ಹುಡುಗ ಯಾಕೆ ಬಂದ ಅಂತ ಊಟ ಮುಗಿಯೋವರೆಗೂ ನಿನ್ನ ಅನುಮಾನದಿಂದಲೇ ನೋಡ್ತಾನೆ.”

“ಏನಂತ ಅನುಮಾನ?”

“ಸರಿಯಾದ್ದೇ,” ಎಂದು ಹೇಳಿ ಅವನನ್ನು ಎಬ್ಬಿಸಿದೆ.