ತಣ್ಣನೆ ಕೋಣೆಯ ಕೈ

ಮೊದಲ ಸಾಲಿನ ಮೂರನೆಯ ಹನಿಯೂ ಬರೀ ನೀರಾಗಿತ್ತು. ಅವಳು ತಟ್ಟೆಯ ಅಂಚನ್ನಷ್ಟೇ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ತುಸು ಸರಿಸಿದಳು. ನಾಲ್ಕನೆಯದರಲ್ಲಿ ಹರಳು ಹಾಗೇ ಹೊಳೆಯುತ್ತಿತ್ತು. ಪುಸ್ತಕದಲ್ಲಿ ತಟ್ಟೆಯ ಅಳತೆಗೇ ಹನಿಗೊಂದರಂತೆ ಬರೆದಿದ್ದ ಇಪ್ಪತ್ತನಾಲ್ಕು ಸೊನ್ನೆಗಳಲ್ಲಿ ಮೂರಕ್ಕೆ ಗೀಟು ಹೊಡೆದಳು. ಎರಡನೆಯ ಸಾಲಿನಲ್ಲಿ ನಾಲ್ಕಕ್ಕೆ. ಮೂರನೆಯದರಲ್ಲಿ ಮತ್ತೆ ಮೂರಕ್ಕೆ. ಕೊನೆಯ ಸಾಲಿಗೆ ಏನೂ ಆಗಿರಲಿಲ್ಲ.

ಹೀಗೆ ಹಾಳಾದ ತಟ್ಟೆಗಳಲ್ಲಿ ಇದು ಮೂರನೆಯದು. ಬೀಗ ಒಡೆದಿರಲಿಲ್ಲ, ಹರಳು ಬೆಳೆಸುವ ತಣ್ಣನೆ ಕೋಣೆಯ ಯಂತ್ರ ಕೆಟ್ಟಿರಲಿಲ್ಲ. ಬೆಳಗಿನ ಜಾವ ಕಾರಿಡಾರಿನಲ್ಲಿ ಯಾರೋ ಬರಿಗಾಲಲ್ಲಿ ಗುನುಗುತ್ತ ಹೋದಂತಾಯಿತು ಎಂದೂ, ಆದರೆ ಗೇಟು ದಾಟಿ ಒಂದು ನರಪಿಳ್ಳೆಯೂ ಬಂದಿಲ್ಲ ಎಂದು ವಾಚ್‌ಮನ್ ಆಣೆ ಮಾಡಿ ಹೇಳಿದ್ದ.

"ಇದೂ ಹೋಯ್ತಾ?"

ಬಾಗಿಲಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ನಿಂತಿದ್ದರು. ಐಸ್ ನೀರಿನ ಲೋಟ ಹಿಡಿದ ಅವರ ಎಡ ಅಂಗೈ ಬಣ್ಣದಲ್ಲಿ ಅದ್ದಿ ತೆಗೆದಷ್ಟು ಕೆಂಪಗಿತ್ತು. ಎಂದೋ ಬಾಗಿಲಿಗೆ ಸಿಕ್ಕಿ ಮುರಿದಿದ್ದ ಕಿರುಬೆರಳು ಎಂದಿನಂತೆ ಮಡಚಿಕೊಂಡಿತ್ತು.

"ನೋಡಮ್ಮಾ, ಸಂಜೆಯೊಳಗೆ ಕಾರಣ ಹೇಳು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಹೆಪಟೈಟಿಸ್ ಸಿ ವೈರಸ್ ಗಳಿಗೆಗೊಂದು ವೇಷ ಹಾಕುವ ಕಳ್ಳ. ಆದರೆ ಯಕೃತ್ತಿನ ಬಾಗಿಲು ತೆಗೆಯುವ ಅದರ ಕವಚದ ಒಂದು ತುಣುಕು ಮಾತ್ರ ಬದಲಾಗದು. ಆ ತುಣುಕಿನ ಪ್ರೋಟೀನನ್ನು ಹರಳಾಗಿಸಿ, ಎಕ್ಸ್-ರೇ ಹಾಯಿಸಿ ಆಕಾರ ಕಂಡುಕೊಂಡರೆ ಅದನ್ನೇ ಗುರಿಯಾಗಿಸಿ ಲಸಿಕೆ ಕಟ್ಟಬಹುದು. ಮೂವತ್ತು ವರ್ಷದ ಹಿಂದೆ ಸೂಜಿ ಚುಚ್ಚಿ ಮೇಡಂ ಮೈಯನ್ನೇ ಹೊಕ್ಕ ವೈರಸ್ ಅದು. ಮಾತ್ರೆ ಬರುವ ಹೊತ್ತಿಗೆ ಯಕೃತ್ತು ಕಲ್ಲಾಗಿತ್ತು. ಪ್ರಯೋಗಾಲಯದ ಮಹಡಿಯ ಮೇಲೇ ಒಂಟಿಯಾಗಿ ವಾಸವಿದ್ದ ಅವರು ಈಚೆಗೆ ಮಧ್ಯಾಹ್ನದ ಹೊತ್ತು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು.

'ನಿನ್ನ ಕೈಗುಣವೇ ಸರಿಯಿಲ್ಲ' ಎಂದು ಅತ್ತೆ ಹತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಈಗ ಅವಳಿಗೂ ಅದು ನಿಜವೆನಿಸತೊಡಗಿತ್ತು. ಕಸಕ್ಕೆ ಎತ್ತಿಟ್ಟ ಹಳೆಯ ತಟ್ಟೆಯಲ್ಲಿ ಪ್ರೋಟೀನಿನ ಬದಲು ಮೂಡಿದ್ದ ಉಪ್ಪಿನ ಹರಳುಗಳು ಥಳಥಳ ಹೊಳೆಯುತ್ತಿದ್ದವು. ಯಾರಿಗೂ ಬೇಡದ ಆ ಮೋಸಗಾರ ಹರಳುಗಳು ಮಾತ್ರ ಯಾರ ಕೈಗೂ ಜಗ್ಗುತ್ತಿರಲಿಲ್ಲ.

"ಹರಳಮ್ಮಾ, ಅಳೋದಾದ್ರೆ ಹೊರಗೆ ಅಳು. ಇಲ್ಲಿ ಕಣ್ಣೀರೂ ಗಡ್ಡೆ ಕಟ್ಟುತ್ತೆ."

ಹಾಗೆ ಕರೆದವಳು ಸೀಸೆ ತೊಳೆಯುವ ಗಾಜಿನಕ್ಕ. ಕಳೆದ ಉಂಗುರದಿಂದ ಹಿಡಿದು ಕದ್ದ ಸ್ಪಿರಿಟ್‌ವರೆಗೆ ಆ ಕಟ್ಟಡದ ಗುಟ್ಟುಗಳನ್ನೆಲ್ಲ ಬಿಡಿಸಿದವಳು ಅವಳೇ. ಪುಸ್ತಕ ಕಸಿದುಕೊಂಡು ಮೂರು ತಟ್ಟೆಗಳ ಮೂರು ಪುಟ ತಿರುವಿದಳು. ಆಮೇಲೆ ಗೀಟುಗಳ ಮೇಲೆ ತನ್ನ ಕೈಯನ್ನು ಮೆಲ್ಲಗೆ ಇಟ್ಟು ನೋಡಿದಳು. ಗೀಟುಗಳು ಬೆರಳ ಕೆಳಗೆ ಸಾಲಾಗಿ ಅಡಗಿದ್ದವು.

"ತಣ್ಣನೆ ಕೋಣೆ ಕೀಲಿಕೈ ಯಾರ್ಯಾರ ಹತ್ರ ಇದೆ?"

"ನಾಲ್ಕೇ ಜನ. ನಾನು, ವಾಚ್‌ಮನ್, ಕಂಪ್ಯೂಟರಿನವರು, ಮೇಡಂ."

ಸಂಜೆ ನಾಲ್ವರೂ ಮೇಡಂ ಕೋಣೆಯಲ್ಲಿ ಸೇರಿದರು. ಗಾಜಿನಕ್ಕ ತಣ್ಣನೆ ಕೋಣೆಯಿಂದ ತಂದ ನಾಲ್ಕು ಗಾಜಿನ ಹಲಗೆಗಳನ್ನು ಮೇಜಿನ ಮೇಲಿಟ್ಟಳು. ನೋಡನೋಡುತ್ತಲೇ ಅವುಗಳ ಮೇಲೆ ಮಂಜು ಕೂತಿತು.

"ಎಲ್ರೂ ಎಡಗೈ ಇಟ್ಟು ತೆಗೀರಿ."

"ಕೈ ನೋಡಿ ಭವಿಷ್ಯ ಹೇಳ್ತೀಯೇನಕ್ಕಾ?" ಕಂಪ್ಯೂಟರಿನವರು ನಕ್ಕರು.

"ನಿಮ್ಮ ಭವಿಷ್ಯ ನಿಮ್ಮ ಹೆಂಡ್ತಿ ಕೈಲಿದೆ. ಇಡಿ ಸ್ವಾಮಿ."

ನಾಲ್ಕು ಹಲಗೆಗಳ ಮೇಲೆ ನಾಲ್ಕು ಕೈಗಳು ಮೂಡಿದವು. ಮೂರರಲ್ಲಿ ಕಿರುಬೆರಳಿತ್ತು. ನಾಲ್ಕನೆಯದರಲ್ಲಿ ಆ ಜಾಗದಲ್ಲಿ ಮಂಜು ಹಾಗೇ ಉಳಿದಿತ್ತು. ಉಳಿದ ಬೆರಳುಗಳ ಗುರುತಿನಿಂದ ನೀರು ಇಳಿಯತೊಡಗಿತು. ಅಷ್ಟು ಬಿಸಿ ಕೈ ಅದು.

ಗಾಜಿನಕ್ಕನ ದನಿ ತಗ್ಗಿತು. "ಹರಳು ಕರಗೋದು ಬಿಸಿಗೆ. ಯಂತ್ರ ಕೆಟ್ಟಿದ್ರೆ ಎಲ್ಲವೂ ಕರಗಬೇಕಿತ್ತು. ಇಲ್ಲಿ ಕರಗಿದ್ದು ಮೂರು, ನಾಲ್ಕು, ಮೂರು. ತಟ್ಟೆ ಮೇಲೆ ಯಾರೋ ಸಾಲಿಗೊಂದರಂತೆ ಮೂರು ಬೆರಳು ಚಾಚಿ ಇಟ್ಟಿದಾರೆ, ನಾಲ್ಕನೇದು ತಾಗಿಲ್ಲ. ಬೀಗ ಒಡೆದಿಲ್ಲ ಅಂದ್ರೆ ಕೀಲಿಕೈ ಇರೋರು. ಗೇಟು ದಾಟಿಲ್ಲ ಅಂದ್ರೆ ಒಳಗೇ ಇರೋರು. ವಾಚ್‌ಮನ್ ಕೈಯಲ್ಲಂತೂ ಐದು ಬೆರಳೂ ನೆಟ್ಟಗಿವೆ."

ಮೇಡಂ ತಮ್ಮ ಹಲಗೆಯನ್ನೇ ನೋಡುತ್ತಿದ್ದರು. "ಇದು... ನಾನಾ? ನಂಗೆ ನೆನಪೇ ಇಲ್ವಲ್ಲ!"

"ಇರೋದಿಲ್ಲಮ್ಮಾ. ಲಿವರ್ ಸೋತಾಗ ನಮ್ಮೆಜಮಾನ್ರೂ ಹಗಲೆಲ್ಲ ಮಲಗಿ, ಬೆಳಗಿನ ಜಾವ ಎದ್ದು ಓಡಾಡೋರು. ಕೇಳಿದ್ರೆ 'ಹೋಗೇ, ಸುಳ್ಳು' ಅನ್ನೋರು. ಅಂಗೈ ಹೀಗೇ ಕೆಂಪಗೆ, ಕಾದ ಹೆಂಚು. ಇವತ್ತೇ ಡಾಕ್ಟರಿಗೆ ಹೇಳಿ, ಇದಕ್ಕೆ ಔಷಧಿ ಕೊಡ್ತಾರೆ."

ಮೇಡಂ ಕೀಲಿಕೈ ಬಿಚ್ಚಿ ಹರಳಮ್ಮನ ಕೈಗಿಟ್ಟರು. ಆ ಬೆರಳುಗಳು ಸುಡುತ್ತಿದ್ದವು.

"ಅಷ್ಟು ಬೈದೆ ನಿನ್ನ. ಅಂಚು ಬಿಟ್ಟು ತಟ್ಟೆ ಮುಟ್ಟಬೇಡಿ ಅಂತ ನಿಯಮ ಮಾಡಿದವಳೂ ನಾನೇ. ಬೆಳೀತಿದೆಯಾ ಅಂತ ನೋಡೋಕೆ ಹೋಗಿರಬೇಕು... ಮಗು ಹಣೆ ಮುಟ್ಟಿ ನೋಡೋ ಹಾಗೆ. ನಾನು ಬೇಡಿಕೊಂಡ್ರೂ ಇದನ್ನ ಕೊಡಬೇಡಮ್ಮಾ."

"ಇಲ್ಲ ಮೇಡಂ. ಉಳಿದ ಹದಿನಾಲ್ಕು ಹರಳು ನಾಳೆ ಎಕ್ಸ್-ರೇಗೆ ಹೋಗ್ತವೆ."

ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ತಣ್ಣನೆ ಕೋಣೆಗೆ ಬಂದಳು. ಹದಿನಾಲ್ಕು ಹರಳಿನ ತಟ್ಟೆಯನ್ನು ಒಳಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕಸಕ್ಕೆ ಎತ್ತಿಟ್ಟ ತಟ್ಟೆಯನ್ನು ಹೊರತೆಗೆದು, ಅಂಚು ಒರೆಸಿ, ಆ ಖಾಲಿ ಜಾಗದಲ್ಲಿ ಇಟ್ಟಳು. ಉಪ್ಪಿನ ಹರಳು ಕೈಯ ಬಿಸಿಗೆ ಕರಗುವುದಿಲ್ಲ; ಬೆಳಗಿನ ಜಾವ ಮೇಡಂ ಬಂದರೆ ಮುಟ್ಟಿ ನೋಡಲಿ. ಸೂಕ್ಷ್ಮದರ್ಶಕದ ಮುಂದೆ ಇನ್ನೊಂದು ಸ್ಟೂಲ್ ಎಳೆದು ಹಾಕಿದಳು.

ಮನೆಯಲ್ಲಿ ಅಲಾರಂ ನಾಲ್ಕೂವರೆಗೆ ತಿರುಗಿಸುವಾಗ ಅತ್ತೆ ಕೇಳಿದರು, "ಇಷ್ಟು ಬೇಗ ಎದ್ದು ಯಾರಿಗೆ ಬಾಗಿಲು ತೆಗೀಬೇಕೇ ನೀನು?"

"ಕೆಲಸ ಇದೆ ಅತ್ತೆ," ಎಂದಷ್ಟೇ ಹೇಳಿ ದೀಪ ಆರಿಸಿದಳು.