ಲಿಫ್ಟಿನಲ್ಲಿ ಅತ್ತೆ, ಚಿಪ್ಪಿನಲ್ಲಿ ಜಾಗವಿಲ್ಲ

"ಅಳಿಯಂದ್ರೇ, ಇನ್ನೂ ಎಷ್ಟು ಹೊತ್ತು?"

ಲಿಫ್ಟಿನ ಫೋನಿನಲ್ಲಿ ಅತ್ತೆಯ ದನಿ. ಅವರು ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನೇತಾಡುತ್ತಿದ್ದರು. ನಾನು ತಾರಸಿಯ ಮೋಟಾರ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಬೆವರುತ್ತಿದ್ದೆ.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ. ಅತ್ತೆಗೆ ಸಕ್ಕರೆ ಕಾಯಿಲೆ. ಹನ್ನೆರಡಕ್ಕೆ ಹೊಟ್ಟೆಗೇನೂ ಬೀಳದಿದ್ದರೆ ಅವರೇ ಬೀಳುತ್ತಾರೆ.

ಕೈಯಿಂದ ಇಳಿಸಲು ಬ್ರೇಕಿನ ಚಾವಿ ಬೇಕು. ಚಾವಿ ಮೆಕ್ಯಾನಿಕ್ ಜೇಬಿನಲ್ಲಿ. ಮೆಕ್ಯಾನಿಕ್... ಅತ್ತೆಯ ಪಕ್ಕದಲ್ಲಿ!

ಕೇಳಿ, ಬೇರೆಯವರ ಪ್ರೋಗ್ರಾಮ್ ರಿಪೇರಿ ಮಾಡುವುದು ನನ್ನ ಕಸುಬು. ಈ ಲಿಫ್ಟಿನ ಪ್ರೋಗ್ರಾಮಿನಲ್ಲಿ ಒಂದು ಫೈಲ್ ಬರೆದವನಿಗೆ ನಾವಿಟ್ಟ ಹೆಸರು ಒಂದುಸಿರು. ಎರಡು ಸಾವಿರ ಸಾಲಾದರೂ ನಡುವೆ ನಿಲ್ಲುವ ಪೈಕಿಯವನಲ್ಲ. ಅವನು ಬೆಳಗ್ಗೆ ಕಳಿಸಿದ ಹೊಸ ಫೈಲಿನಲ್ಲಿ ಒಂದು ಸಾಲು ತಪ್ಪಿತ್ತು, ಲಿಫ್ಟ್ ನಿಂತದ್ದು ಅದಕ್ಕೇ. ಎರಡೇ ನಿಮಿಷದಲ್ಲಿ ತಿದ್ದಿದೆ.

ತಿದ್ದಿದ್ದನ್ನು ಯಂತ್ರದ ಭಾಷೆಗೆ ಇಳಿಸಬೇಕಲ್ಲ...

ಆ ಕೆಲಸದ ಕಂಪೈಲರ್ ಎಲ್ಲವನ್ನೂ ಆಪ್ಟಿಮೈಸ್ ಮಾಡಿ, ಸಣ್ಣಗೆ ಚುರುಕಾಗಿ ಮಾಡುತ್ತ ಬಂತು. ಒಂದುಸಿರಿನ ಫೈಲ್ ಎದುರಾದದ್ದೇ ತಡ, 'ಆಂತರಿಕ ದೋಷ' ಅಂದು ಅಂಗಾತ ಬಿತ್ತು.

ಮೂರು ಸಲ.

ಆಪ್ಟಿಮೈಸೇಷನ್ ಪೂರ್ತಿ ತೆಗೆದೆ. ಕಂಪೈಲರ್ ಕಮಕ್ ಕಿಮಕ್ ಅನ್ನಲಿಲ್ಲ. ಆದರೆ ಪ್ರೋಗ್ರಾಮ್ ಊದಿಕೊಂಡು ಲಿಫ್ಟಿನ ಕಂಪ್ಯೂಟರ್ ಚಿಪ್ಪಿನಲ್ಲಿ ಹಿಡಿಸಲಿಲ್ಲ.

ಒಂದುಸಿರಿಗೆ ಫೋನ್ ಮಾಡಿದರೆ, ತನ್ನ ಕೋಡ್ ಸರಿ ಇದೆ, ಕಂಪೈಲರನ್ನೇ ಬದಲಾಯಿಸಿ ಅಂದ. ಕುಣಿಯಲಾರದವನಿಗೆ ನೆಲ ಡೊಂಕು.

ಅತ್ತೆಗೆ ವಿಷಯ ತಿಳಿಸಿದೆ. ಮೂವತ್ತು ವರ್ಷ ಗಣಿತದ ಟೀಚರ್ ಆಗಿದ್ದವರು. ಹಸಿವಿಗೆ ದನಿ ತುಸು ನಡುಗುತ್ತಿತ್ತು.

"ಎಡವೋನು ಒಬ್ಬನೇ ತಾನೇ? ಅವನನ್ನ ಅವನ ಪಾಡಿಗೆ ಬಿಡಿ, ಉಳಿದವರನ್ನ ಓಡಿಸಿ. ಇಡೀ ಕ್ಲಾಸಿಗೆ ಯಾಕೆ ಶಿಕ್ಷೆ?"

ಹೌದಲ್ಲ!

ಆ ಒಂದು ಫೈಲಿಗೆ ಮಾತ್ರ ಆಪ್ಟಿಮೈಸೇಷನ್ ತೆಗೆದೆ. ಉಳಿದವಕ್ಕೆಲ್ಲ ಮೊದಲಿನಂತೆಯೇ ಬಿಟ್ಟೆ. ಕಂಪೈಲರ್ ಗುಟುಕ್ಕೆಂದು ನುಂಗಿತು. ಚಿಪ್ಪಿನಲ್ಲಿ ಹನ್ನೊಂದು ಬೈಟ್ ಉಳಿಯಿತು... ಒಂದು ಬೈಗುಳಕ್ಕಾಗುವಷ್ಟು ಜಾಗ.

ಹನ್ನೆರಡಕ್ಕೆ ಮೂರು ನಿಮಿಷ. ಕೇಬಲ್ ಚುಚ್ಚಿ ಹೊಸ ಪ್ರೋಗ್ರಾಮ್ ತುಂಬಿದೆ. ಮೋಟಾರ್ ಗುಂಯ್‌ಗುಟ್ಟಿತು.

ಬ್ಯಾಗಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಹಿಡಿದು, ಎರಡೆರಡು ಮೆಟ್ಟಿಲು ಹಾರುತ್ತ ನಾಲ್ಕನೇ ಮಹಡಿಗೆ ಓಡಿದೆ. ಬಾಗಿಲು ತೆರೆಯಿತು. ಅತ್ತೆಯ ಮುಖ ಬಿಳಿಚಿತ್ತು, ಕೈ ಮಾತ್ರ ಸೀದಾ ಬಿಸ್ಕತ್ತಿಗೇ ಬಂತು. ಎರಡು ತಿಂದ ಮೇಲೆ ಕಣ್ಣಿಗೆ ಕಳೆ ಬಂತು.

"ಆ ಒಂದುಸಿರನ್ನ ಸರಿ ಮಾಡಿದ್ರಾ?"

"ಇಲ್ಲ ಅತ್ತೆ. ಅವನನ್ನ ಇದ್ದ ಹಾಗೇ ಸಂಭಾಳಿಸ್ಕೊಂಡು ಹೋಗೋದು."

ಅತ್ತೆ ಮೂರನೇ ಬಿಸ್ಕತ್ತು ಕಡಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಮಗಳೂ ಹದಿನಾಲ್ಕು ವರ್ಷದಿಂದ ಅದನ್ನೇ ಮಾಡ್ತಿದಾಳೆ."